ಹಳೆಯ ನಾಣ್ಯವನ್ನು ತೊಳೆಯುವ ಮುನ್ನ

ದೀಪಾವಳಿಯ ಲಕ್ಷ್ಮೀಪೂಜೆಗೆ ದೇವರ ಪೆಟ್ಟಿಗೆಯಿಂದ ಬೆಳ್ಳಿ ರೂಪಾಯಿಗಳನ್ನು ಹೊರತೆಗೆಯುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ನನಗೆ ಹನ್ನೆರಡು ವರ್ಷವಾಗಿದ್ದಾಗ ಅಜ್ಜಿಯ ಏಳು ರೂಪಾಯಿಗಳನ್ನು ಬೆಳಗುವ ಕೆಲಸ ನನ್ನ ಪಾಲಿಗೆ ಬಂತು. ಹುಣಸೆಹಣ್ಣು, ಒಲೆಯ ಬೂದಿ ಮತ್ತು ತೆಂಗಿನ ನಾರು ನನ್ನ ಸಲಕರಣೆಗಳು. ಅರ್ಧ ಗಂಟೆಯಲ್ಲಿ ಏಳೂ ನಾಣ್ಯಗಳು ಫಳಫಳ ಹೊಳೆದವು. ಮನೆಮಂದಿಯೆಲ್ಲ ಮೆಚ್ಚಿದರು.

ಮುಂದೆ ಸಂಶೋಧನೆಯಲ್ಲಿ ತೊಡಗಿದ್ದಾಗ ಅವುಗಳಲ್ಲಿ ಒಂದನ್ನು ಲೋಹಪರೀಕ್ಷೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ವಿಕ್ಟೋರಿಯಾ ರಾಣಿಯ ಕೆನ್ನೆಯ ಮೇಲೆ, ನಾನು ಅಂದು ಕೈಯಾಡಿಸಿದ ದಿಕ್ಕಿನಲ್ಲೇ, ನೂರಾರು ಗೀರುಗಳು ಸಾಲುಗಟ್ಟಿದ್ದವು. ನಾಣ್ಯದ ಮೇಲಿದ್ದ ಇಸವಿ 1862. ಈ ಇಸವಿಯ ರೂಪಾಯಿಗಳಿಗೊಂದು ವಿಶೇಷವಿದೆ. ಅಚ್ಚಿನಲ್ಲಿ ಇಸವಿಯನ್ನು ಬದಲಿಸದೆ 1874ರವರೆಗೂ ಅವುಗಳನ್ನು ಟಂಕಿಸಲಾಯಿತು. ಹಿಂಬದಿಯಲ್ಲಿರುವ ಅತಿ ಸಣ್ಣ ಚುಕ್ಕಿಗಳನ್ನು ಎಣಿಸಿ, ನಾಣ್ಯ ನಿಜವಾಗಿ ಅಚ್ಚಾದ ವರ್ಷವನ್ನು ನಾಣ್ಯತಜ್ಞರು ಊಹಿಸುತ್ತಾರೆ. ನನ್ನ ನಾಣ್ಯದಲ್ಲಿ ಆ ಜಾಗ ನುಣುಪಾಗಿತ್ತು. ಚುಕ್ಕಿಗಳಿದ್ದವೋ ಇಲ್ಲವೋ, ಇದ್ದರೆ ಎಷ್ಟಿದ್ದವು ಎಂಬುದನ್ನು ಇನ್ನು ಯಾರೂ ಹೇಳಲಾರರು. ಬೆಳ್ಳಿ ಉಳಿದಿತ್ತು, ಬೆಳ್ಳಿ ಹೇಳಬೇಕಾಗಿದ್ದ ಮಾತು ಅಳಿಸಿಹೋಗಿತ್ತು.

ನಾಣ್ಯ ಸಂಗ್ರಹ ನಮ್ಮ ಶಾಲಾ ಕಾಲೇಜು ವಿದ್ಯಾರ್ಥಿಗಳಲ್ಲಿ ಜನಪ್ರಿಯ ಹವ್ಯಾಸ. "ಸರ್, ಇದನ್ನು ಯಾವುದರಿಂದ ತೊಳೆಯಲಿ?" ಎಂಬ ಪ್ರಶ್ನೆ ನನಗೆ ಆಗಾಗ ಎದುರಾಗುತ್ತದೆ. ಇದಕ್ಕೆ ಉತ್ತರಿಸಲು ದ್ರಾವಕಗಳ ಬಗ್ಗೆ, ಬೆಳಕಿನ ಬಗ್ಗೆ, ಬಾಷ್ಪೀಕರಣದ ಬಗ್ಗೆ ಸ್ವಲ್ಪ ತಿಳಿದಿರಬೇಕು. ಪಠ್ಯಪುಸ್ತಕದ ಹಲವು ಅಧ್ಯಾಯಗಳು ಒಂದು ನಾಣ್ಯದ ಮೇಲೆ ಕೂಡುತ್ತವೆ.

ನಾಣ್ಯದ ಮೇಲೆ ಏನಿದೆ?

ನಾವು ಒಟ್ಟಾಗಿ 'ಕೊಳೆ' ಎನ್ನುವುದರಲ್ಲಿ ಎರಡು ಬಗೆಯ ವಸ್ತುಗಳಿವೆ. ಮೊದಲನೆಯದು ಹೊರಗಿನಿಂದ ಬಂದು ಕುಳಿತದ್ದು: ಬೆರಳಿನ ಜಿಡ್ಡು, ದೀಪದ ಎಣ್ಣೆ, ತುಪ್ಪ, ಅರಿಶಿನ, ಪಂಚಾಮೃತದ ಸಕ್ಕರೆ, ಅಂಟುಪಟ್ಟಿಯ ಗೋಂದು, ಮಣ್ಣು. ಎರಡನೆಯದು ನಾಣ್ಯದ ಲೋಹವೇ ಗಾಳಿ ನೀರುಗಳೊಡನೆ ವರ್ತಿಸಿ ಉಂಟಾದದ್ದು: ಬೆಳ್ಳಿಯ ಮೇಲಿನ ಸಲ್ಫೈಡ್, ತಾಮ್ರದ ಮೇಲಿನ ಆಕ್ಸೈಡ್, ಕಾರ್ಬೊನೇಟ್ ಮತ್ತು ಕ್ಲೋರೈಡ್.

ಮೊದಲನೆಯದನ್ನು ತೆಗೆದರೆ ನಾಣ್ಯಕ್ಕೆ ನಷ್ಟವಿಲ್ಲ. ಎರಡನೆಯದನ್ನು ತೆಗೆದರೆ ಅದರೊಳಗೆ ಸೇರಿಹೋದ ನಾಣ್ಯದ ಲೋಹವೂ ಹೋಗುತ್ತದೆ. ಈ ವ್ಯತ್ಯಾಸವನ್ನು ನೆನಪಿಟ್ಟರೆ ಈ ಲೇಖನದ ಅರ್ಧ ಭಾಗ ನಿಮಗೆ ತಿಳಿದಂತೆಯೇ.

ಹೊಳಪು ಎಲ್ಲಿಂದ ಬರುತ್ತದೆ?

ಟಂಕಸಾಲೆಯಲ್ಲಿ ಲೋಹದ ಬಿಲ್ಲೆ ಎರಡು ಅಚ್ಚುಗಳ ನಡುವೆ ಸಿಕ್ಕಿ ಭಾರಿ ಒತ್ತಡಕ್ಕೆ ಒಳಗಾಗುತ್ತದೆ. ಆ ಕ್ಷಣದಲ್ಲಿ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಈ ಹರಿವು ಚಕ್ರದ ಅರಗಳಂತೆ ಅತಿ ಸಣ್ಣ ಏರುತಗ್ಗಿನ ಗೆರೆಗಳನ್ನು ಮೂಡಿಸುತ್ತದೆ. ಬಳಕೆಯಾಗದ ನಾಣ್ಯವನ್ನು ದೀಪದ ಕೆಳಗೆ ಮೆಲ್ಲನೆ ಓರೆಮಾಡಿ ನೋಡಿ. ಒಂದು ಬೆಳಕಿನ ಪಟ್ಟಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಸಂಗ್ರಾಹಕರು ಬೆಲೆ ಕೊಡುವ ಹೊಳಪು ಇದೇ. ಬೂದಿ ಹಾಕಿ ಉಜ್ಜಿದಾಗ ಬರುವ ಹೊಳಪು ಬೇರೆ. ಅದು ಹಳೆಯ ಗೆರೆಗಳನ್ನು ಅಳಿಸಿ ಹೊಸ ಗೀರುಗಳನ್ನು ಎಳೆದಾಗ ಕಾಣುವ ಹೊಳಪು.

ಹಳೆಯ ಬೆಳ್ಳಿ ನಾಣ್ಯಗಳ ಮೇಲೆ ಕೆಲವೊಮ್ಮೆ ಹೊಂಬಣ್ಣ, ನೇರಳೆ, ನೀಲಿ ಛಾಯೆಗಳು ಕಾಣುತ್ತವೆ. ಇದು ಬಣ್ಣದ ವಸ್ತುವಲ್ಲ. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳು ಬೆಳ್ಳಿಯೊಡನೆ ವರ್ತಿಸಿ ಬೆಳ್ಳಿಯ ಸಲ್ಫೈಡಿನ ತೆಳು ಪೊರೆಯೊಂದು ಬೆಳೆಯುತ್ತದೆ. ಪೊರೆಯ ಮೇಲ್ಮುಖದಿಂದ ಪ್ರತಿಫಲಿಸಿದ ಬೆಳಕು ಮತ್ತು ಕೆಳಮುಖದಿಂದ ಪ್ರತಿಫಲಿಸಿದ ಬೆಳಕು ಒಂದರೊಡನೊಂದು ವ್ಯತಿಕರಣಗೊಂಡು ಕೆಲವು ತರಂಗದೂರಗಳು ಕುಂದುತ್ತವೆ. ಉಳಿದವು ನಮಗೆ ಬಣ್ಣವಾಗಿ ಕಾಣುತ್ತವೆ. ಸಾಬೂನು ಗುಳ್ಳೆಯ ಬಣ್ಣವೂ ರಸ್ತೆಯ ನೀರಿನ ಮೇಲೆ ತೇಲುವ ಎಣ್ಣೆಯ ಬಣ್ಣವೂ ಇದೇ ತತ್ತ್ವದವು. ಕೆಲವು ಹತ್ತು ನ್ಯಾನೋಮೀಟರ್ ದಪ್ಪದ ಪೊರೆಯೇ ಇದಕ್ಕೆ ಸಾಕು. ಪೊರೆ ಬಹಳ ದಪ್ಪವಾದಾಗ ನಾಣ್ಯ ಕಪ್ಪಗಾಗುತ್ತದೆ.

ಉಜ್ಜುವುದು ಮತ್ತು ಆಮ್ಲದಲ್ಲಿ ಅದ್ದುವುದು

ಗಡಸುತನವನ್ನು ಅಳೆಯುವ ಮೋಸ್ ಶ್ರೇಣಿಯಲ್ಲಿ ಬೆಳ್ಳಿಗೆ ಸುಮಾರು 2.5, ತಾಮ್ರಕ್ಕೆ 3. ಬೂದಿಯಲ್ಲಿ ಮತ್ತು ಮಣ್ಣಿನಲ್ಲಿ ಬೆರೆತ ಮರಳಿನ ಕಣಕ್ಕೆ, ಅಂದರೆ ಕ್ವಾರ್ಟ್ಸ್‌ಗೆ, 7. ಹಲ್ಲುಪುಡಿಯಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಸುಮಾರು 3ರಷ್ಟು ಗಡಸು. ಗಡಸು ವಸ್ತು ಮೆದು ವಸ್ತುವನ್ನು ಗೀರುತ್ತದೆ. ಪಾತ್ರೆ ತೊಳೆಯುವ ಪುಡಿಯಾಗಲಿ, ಟೂತ್‌ಪೇಸ್ಟ್ ಆಗಲಿ, ಬ್ರಶ್ ಆಗಲಿ ನಾಣ್ಯಕ್ಕೆ ತಕ್ಕದ್ದಲ್ಲ. ಮೆತ್ತನೆಯ ಬಟ್ಟೆಯಿಂದ ಉಜ್ಜಿದರೂ ನಾಣ್ಯದ ಮೇಲೆ ಮೊದಲೇ ಇದ್ದ ಧೂಳಿನ ಕಣಗಳೇ ಉಳಿಯಾಗುತ್ತವೆ.

ಹುಣಸೆ, ನಿಂಬೆ, ವಿನೆಗರ್‌ಗಳಲ್ಲಿ ಆಮ್ಲವಿದೆ. ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ. ವಿಕ್ಟೋರಿಯಾ ಕಾಲದ ರೂಪಾಯಿಯ ತೂಕ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಬಹುಪಾಲು ತಾಮ್ರ. 1940ರಲ್ಲಿ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ 40 ಪಾಲು ತಾಮ್ರ, ತಲಾ 5 ಪಾಲು ನಿಕ್ಕಲ್ ಮತ್ತು ಸತುವು ಸೇರಿಸಿದರು. ಇಂಥ ಮಿಶ್ರಲೋಹವನ್ನು ಆಮ್ಲದಲ್ಲಿ ನೆನೆಸಿದರೆ ಮೇಲ್ಮೈಯಲ್ಲಿ ತಾಮ್ರ, ಸತುವು ಮೊದಲು ಕರಗಿ ಬೆಳ್ಳಿ ಸೂಕ್ಷ್ಮ ರಂಧ್ರಗಳಿಂದ ಕೂಡಿ ಮಂಕಾಗುತ್ತದೆ.

ಅಂಗಡಿಯಲ್ಲಿ ಸಿಗುವ ಬೆಳ್ಳಿ ಅದ್ದು ದ್ರಾವಣಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯ ಇರುತ್ತವೆ. ಅವು ಸಲ್ಫೈಡ್ ಪೊರೆಯನ್ನು ಕ್ಷಣಮಾತ್ರದಲ್ಲಿ ಕರಗಿಸುತ್ತವೆ. ನಷ್ಟವೆಷ್ಟು? ಬೆಳ್ಳಿಯ ಸಲ್ಫೈಡಿನ ತೂಕದಲ್ಲಿ ಶೇ. 87 ಬೆಳ್ಳಿಯೇ. ಸಲ್ಫೈಡಿನ ಸಾಂದ್ರತೆ ಸುಮಾರು 7.2, ಬೆಳ್ಳಿಯದು 10.5. ಆದ್ದರಿಂದ 50 ನ್ಯಾನೋಮೀಟರ್ ದಪ್ಪದ ಪೊರೆ ಹೋದಾಗ ಸುಮಾರು 30 ನ್ಯಾನೋಮೀಟರ್ ಬೆಳ್ಳಿ ಹೋಗುತ್ತದೆ. ಒಂದು ಸಲಕ್ಕೆ ಇದು ಅಲ್ಪ. ಪ್ರತಿ ವರ್ಷ ಅದ್ದುತ್ತ ಹೋದರೆ ಹರಿವಿನ ಗೆರೆಗಳು ಸವೆದು ನಾಣ್ಯ ಸತ್ತ ಹೊಳಪಿನದಾಗುತ್ತದೆ.

ಅಲ್ಯುಮಿನಿಯಂ ಹಾಳೆ ಮತ್ತು ಅಡುಗೆ ಸೋಡದ ಬಿಸಿನೀರಿನಲ್ಲಿ ಬೆಳ್ಳಿ ಚಮಚವನ್ನು ಬೆಳ್ಳಗೆ ಮಾಡುವ ಪ್ರಯೋಗ ನಿಮಗೆ ಗೊತ್ತಿರಬಹುದು. ವಿದ್ಯುದ್ರಸಾಯನ ಕಲಿಸಲು ಅದು ಬಹಳ ಒಳ್ಳೆಯದು. ಆದರೆ ಅಲ್ಲಿ ಸಲ್ಫೈಡಿನಿಂದ ಬಿಡುಗಡೆಯಾದ ಬೆಳ್ಳಿ ಮೊದಲಿದ್ದ ಜಾಗಕ್ಕೆ, ಮೊದಲಿನ ಆಕಾರದಲ್ಲಿ ಮರಳುವುದಿಲ್ಲ. ಚಮಚಕ್ಕೆ ಮಾಡಿ, ಸಂಗ್ರಹದ ನಾಣ್ಯಕ್ಕೆ ಬೇಡ.

ದ್ರಾವಕದ ಕೆಲಸ

ಇಲ್ಲಿ ಸಾವಯವ ದ್ರಾವಕಗಳು ನೆರವಿಗೆ ಬರುತ್ತವೆ. ಎಣ್ಣೆಯ ಅಣುಗಳನ್ನು ಪರಸ್ಪರ ಹಿಡಿದಿಟ್ಟಿರುವುದು ದುರ್ಬಲವಾದ ಅಂತರಾಣ್ವಕ ಬಲ. ಅಸಿಟೋನ್ ಅಣುಗಳನ್ನು ಹಿಡಿದಿರುವುದೂ ಅಂಥದೇ ಬಲ. ಒಂದು ಮೋಲ್ ಅಸಿಟೋನನ್ನು ಆವಿಯಾಗಿಸಲು ಸುಮಾರು 31 ಕಿಲೋಜೂಲ್ ಸಾಕು. ಸಮಬಲದ ಗುಂಪುಗಳು ಸುಲಭವಾಗಿ ಬೆರೆಯುತ್ತವೆ. ಆದರೆ ಒಂದು ಮೋಲ್ ತಾಮ್ರದ ಪರಮಾಣುಗಳನ್ನು ಬಿಡಿಬಿಡಿಯಾಗಿಸಲು ಸುಮಾರು 338 ಕಿಲೋಜೂಲ್ ಬೇಕು. ಬೆಳ್ಳಿಗೆ ಸುಮಾರು 285. ಲೋಹದ ಬಂಧವನ್ನು ಅಸಿಟೋನ್ ಬಿಡಿಸಲಾರದು. ಅದು ಆಮ್ಲವೂ ಅಲ್ಲವಾದ್ದರಿಂದ ಲೋಹದೊಡನೆ ವರ್ತಿಸುವುದೂ ಇಲ್ಲ. ಹೀಗಾಗಿ ಜಿಡ್ಡು ಹೋಗುತ್ತದೆ, ನಾಣ್ಯ ಉಳಿಯುತ್ತದೆ.

ಇದೇ ಕಾರಣಕ್ಕೆ ಅಸಿಟೋನ್ ಸಲ್ಫೈಡನ್ನೂ ಆಕ್ಸೈಡನ್ನೂ ಕರಗಿಸುವುದಿಲ್ಲ. ಅವುಗಳ ಬಂಧಗಳೂ ಬಲವಾದವೇ. "ಅಸಿಟೋನಿನಲ್ಲಿ ನೆನೆಸಿದೆ, ನಾಣ್ಯ ಬೆಳ್ಳಗಾಗಲಿಲ್ಲ" ಎಂದು ಯಾರಾದರೂ ದೂರಿದರೆ, ಅದು ದ್ರಾವಕದ ದೋಷವಲ್ಲ, ಗುಣ.

ನೀರಿನ ಗುಣ ಬೇರೆ. ಅದರ ಅಣುಗಳು ಹೈಡ್ರೊಜನ್ ಬಂಧಗಳಿಂದ ಬಿಗಿಯಾಗಿ ಹೆಣೆದುಕೊಂಡಿವೆ. ಉಪ್ಪು, ಸಕ್ಕರೆಗಳು ಅದರಲ್ಲಿ ಕರಗುತ್ತವೆ, ಎಣ್ಣೆ ಕರಗುವುದಿಲ್ಲ. ಅಸಿಟೋನ್ ಎರಡರ ನಡುವಿನದು. ಅದರ ಅಣುವಿನ ಒಂದು ತುದಿಯಲ್ಲಿ ಧ್ರುವೀಯ ಆಕ್ಸಿಜನ್ ಇದೆ, ಬದಿಗಳಲ್ಲಿ ಎಣ್ಣೆಗೆ ಹೊಂದುವ ಮೀಥೈಲ್ ಗುಂಪುಗಳಿವೆ. ಅದು ನೀರಿನಲ್ಲೂ ಬೆರೆಯುತ್ತದೆ, ಜಿಡ್ಡನ್ನೂ ಕರಗಿಸುತ್ತದೆ. ಅರಿಶಿನದ ಕರ್ಕ್ಯುಮಿನ್ ನೀರಿಗೆ ಜಗ್ಗುವುದಿಲ್ಲ. ಅಸಿಟೋನಿಗೆ ಕೂಡಲೇ ಕರಗುತ್ತದೆ.

ಯಾವುದು ಸೂಕ್ತ, ಯಾವುದು ಬೇಡ?

ಮನೆಯ ಬಳಕೆಗೆ ಮೂರು ಸಾಕು: ಬಟ್ಟಿ ಇಳಿಸಿದ ನೀರು, ಐಸೊಪ್ರೊಪೈಲ್ ಆಲ್ಕೊಹಾಲ್, ಶುದ್ಧ ಅಸಿಟೋನ್. ಬೆರಳಿನ ಜಿಡ್ಡಿಗೆ ಆಲ್ಕೊಹಾಲ್ ಸಾಕಾಗುತ್ತದೆ. ಅಂಟುಪಟ್ಟಿಯ ಗೋಂದು, ಎಣ್ಣೆ, ಪ್ಲಾಸ್ಟಿಕ್ಕಿನಿಂದ ಒಸರಿದ ಹಸಿರು ಜಿಗುಟಿಗೆ ಅಸಿಟೋನ್ ಉತ್ತಮ. ಉಗುರುಬಣ್ಣ ತೆಗೆಯುವ ದ್ರವವನ್ನು ಅಸಿಟೋನ್ ಎಂದು ಭಾವಿಸಬೇಡಿ. ಅದರಲ್ಲಿ ನೀರು, ಸುಗಂಧ, ಬಣ್ಣ, ಎಣ್ಣೆಗಳು ಸೇರಿರಬಹುದು. ಅವು ನಾಣ್ಯದ ಮೇಲೆ ಹೊಸ ಕೊಳೆಯಾಗಿ ಉಳಿಯುತ್ತವೆ.

ಕೊಳವೆಬಾವಿಯ ನೀರು, ನಲ್ಲಿ ನೀರು ಬೇಡ. ಅವುಗಳಲ್ಲಿರುವ ಕ್ಲೋರೈಡ್ ತಾಮ್ರಕ್ಕೆ ವೈರಿ. ನೀವು ತಂದ ಬಟ್ಟಿ ನೀರು ಚೆನ್ನಾಗಿದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಸ್ವಲ್ಪ ನೀರಿಗೆ ಎರಡು ಹನಿ ಬೆಳ್ಳಿಯ ನೈಟ್ರೇಟ್ ದ್ರಾವಣ ಹಾಕಿ. ಬಿಳಿ ಮಬ್ಬು ಕಾಣಿಸಿದರೆ ಕ್ಲೋರೈಡ್ ಇದೆ. ಪರೀಕ್ಷಿಸಿದ ನೀರನ್ನು ಚೆಲ್ಲಿಬಿಡಿ, ನಾಣ್ಯಕ್ಕೆ ಬಳಸಬೇಡಿ.

ಟಾಲೀನ್, ಕ್ಸೈಲೀನ್‌ಗಳು ಮೇಣವನ್ನು ಚೆನ್ನಾಗಿ ಕರಗಿಸುತ್ತವೆ. ಆದರೆ ಅವುಗಳ ಆವಿ ನರಮಂಡಲಕ್ಕೆ ಹಾನಿಕರ. ಆವಿಗೂಡು ಇರುವ ಪ್ರಯೋಗಾಲಯದ ಹೊರಗೆ ಅವುಗಳನ್ನು ತೆರೆಯಬೇಡಿ. ಪೆಟ್ರೋಲ್ ಖಂಡಿತ ಬೇಡ. ಹಳೆಯ ಶಾಲಾ ಪ್ರಯೋಗಾಲಯಗಳ ಕಪಾಟಿನಲ್ಲಿ ಬೆಂಜೀನ್ ಅಥವಾ ಕಾರ್ಬನ್ ಟೆಟ್ರಾಕ್ಲೋರೈಡ್ ಶೀಷೆ ಉಳಿದಿದ್ದರೆ ಶಿಕ್ಷಕರು ಅದನ್ನು ವಿದ್ಯಾರ್ಥಿಗಳ ಕೈಗೆ ಎಟುಕದಂತೆ ಬೀಗದಲ್ಲಿಡಬೇಕು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತನ್ನು ಕೆಡಿಸುತ್ತದೆ.

ಒಂದು ಚಮಚದ ಲೆಕ್ಕ

ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅದರ ಜ್ವಲನಬಿಂದು, ಅಂದರೆ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿ ದ್ರವದ ಮೇಲೆ ಸೇರುವ ಉಷ್ಣತೆ. ಅದು ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿದೆ. ನಮ್ಮ ಯಾವ ಊರಿನಲ್ಲೇ ಆಗಲಿ, ಯಾವ ಕಾಲದಲ್ಲೇ ಆಗಲಿ, ತೆರೆದ ಅಸಿಟೋನ್ ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ.

ಒಂದು ಚಮಚ, ಅಂದರೆ 5 ಮಿಲಿಲೀಟರ್ ಅಸಿಟೋನಿನ ತೂಕ ಸುಮಾರು 4 ಗ್ರಾಂ. ಅಣುತೂಕ 58 ಆದ್ದರಿಂದ ಇದು 0.068 ಮೋಲ್. ಕೋಣೆಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲದ ಗಾತ್ರ ಸುಮಾರು 24.5 ಲೀಟರ್. ಆವಿಯ ಗಾತ್ರ ಹೆಚ್ಚುಕಡಿಮೆ 1.7 ಲೀಟರ್ ಆಯಿತು. ಗಾಳಿಯಲ್ಲಿ ಶೇ. 2.5ರಷ್ಟು ಅಸಿಟೋನ್ ಆವಿ ಇದ್ದರೆ ಆ ಮಿಶ್ರಣ ಉರಿಯಬಲ್ಲುದು. 1.7ನ್ನು 0.025ರಿಂದ ಭಾಗಿಸಿ. ಉತ್ತರ 68 ಲೀಟರ್. ಒಂದು ಚಮಚ ಅಸಿಟೋನ್ ಎರಡು ಅಡುಗೆ ಅನಿಲ ಸಿಲಿಂಡರುಗಳ ಗಾತ್ರದಷ್ಟು ಗಾಳಿಯನ್ನು ಉರಿಯುವಂತೆ ಮಾಡಬಲ್ಲುದು!

ಇನ್ನೊಂದು ಸಂಗತಿ. ಗಾಳಿಯ ಸರಾಸರಿ ಅಣುತೂಕ 29. ಅಸಿಟೋನ್ ಆವಿ ಅದರ ಇಮ್ಮಡಿ ಭಾರ. ಅದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ನೀರಿನಂತೆ ಮೇಜಿನಿಂದ ಇಳಿದು ನೆಲದ ಮೇಲೆ ಹರಿಯುತ್ತದೆ. ಪೂಜೆಯ ನಾಣ್ಯ ತೊಳೆಯುವವರು ನೆಲದ ಮೇಲೆ ಕುಳಿತಿರುತ್ತಾರೆ, ಪಕ್ಕದ ಕೋಣೆಯಲ್ಲಿ ನೆಲದ ಮೇಲೆಯೇ ನಂದಾದೀಪ ಉರಿಯುತ್ತಿರುತ್ತದೆ. ಆವಿ ದೀಪವನ್ನು ಮುಟ್ಟಿದರೆ ಜ್ವಾಲೆ ಆವಿಯ ಜಾಡಿನಲ್ಲೇ ಹಿಂದಕ್ಕೆ ಓಡಿ ಬಟ್ಟಲನ್ನು ತಲುಪುತ್ತದೆ. ಆದ್ದರಿಂದ ಅಡುಗೆಮನೆ, ದೇವರಮನೆ, ಮುಚ್ಚಿದ ಕೋಣೆ ಯಾವುದೂ ಬೇಡ. ಹಗಲಿನಲ್ಲಿ, ತೆರೆದ ಜಗಲಿಯಲ್ಲಿ ಅಥವಾ ತಾರಸಿಯಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ಕೆಲಸ ಮಾಡಿ. ದೀಪ, ಊದುಬತ್ತಿ, ಸಿಗರೇಟು, ಸ್ವಿಚ್ಚುಗಳು ದೂರವಿರಲಿ.

ಕೈಗವಸುಗಳ ಬಗ್ಗೆ ಒಂದು ಮಾತು. ಬಿಸಾಡುವ ನೈಟ್ರೈಲ್ ಕೈಗವಸನ್ನು ಅಸಿಟೋನ್ ಕೆಲವೇ ನಿಮಿಷಗಳಲ್ಲಿ ಭೇದಿಸುತ್ತದೆ. ಅದನ್ನು ನಂಬಿ ಬೆರಳದ್ದಬೇಡಿ, ಚಿಮಟ ಬಳಸಿ. ಕಣ್ಣಿಗೆ ಕನ್ನಡಕ ಇರಲಿ. ಅಸಿಟೋನನ್ನು ಬ್ಲೀಚ್, ಹೈಡ್ರೊಜನ್ ಪೆರಾಕ್ಸೈಡ್, ಕ್ಲೋರೊಫಾರಂ ಮೊದಲಾದ ಯಾವುದರೊಡನೆಯೂ ಎಂದಿಗೂ ಬೆರೆಸಬೇಡಿ. ವಿದ್ಯಾರ್ಥಿಗಳು ಹಿರಿಯರಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಕ್ರಮ ಹೀಗೆ

ಮೊದಲು ಹತ್ತು ಪಟ್ಟು ವರ್ಧಿಸುವ ಮಸೂರದಿಂದ ನಾಣ್ಯದ ಎರಡೂ ಮುಖಗಳನ್ನು ನೋಡಿ, ಚಿತ್ರ ತೆಗೆದಿಡಿ. ತೊಳೆಯಬೇಕೇ ಎಂದು ಕೇಳಿಕೊಳ್ಳಿ. ಅನುಮಾನವಿದ್ದರೆ ತೊಳೆಯಬೇಡಿ. ಹೊಸಬರು ಮೊದಲು ಬೆಲೆಯಿಲ್ಲದ ನಾಣ್ಯದ ಮೇಲೆ ಅಭ್ಯಾಸ ಮಾಡಲಿ. 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡ 25 ಪೈಸೆ ಇದಕ್ಕೆ ತಕ್ಕದ್ದು.

ಮಣ್ಣು, ಹಾಲು, ಸಕ್ಕರೆಯ ಶೇಷವಿದ್ದರೆ ಬಟ್ಟಿ ನೀರಿನಿಂದ ಆರಂಭಿಸಿ. ಅಸಿಟೋನನ್ನು ಮೊದಲು ಬಳಸಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಗಾಜಿನ ಬಟ್ಟಲಿನ ನೀರಿನಲ್ಲಿ ಕೆಲವು ಗಂಟೆ ಬಿಡಿ. ನೀರನ್ನು ಎರಡು ಮೂರು ಸಲ ಬದಲಿಸಿ. ಸೀಸದ ನಾಣ್ಯಗಳಿಗೆ ಇದು ಸಲ್ಲದು. ಚಿತ್ರದುರ್ಗದ ಚಂದ್ರವಳ್ಳಿಯಂಥ ಕಡೆಗಳಲ್ಲಿ ದೊರೆತ ಸಾತವಾಹನರ ಕಾಲದ ಸೀಸದ ನಾಣ್ಯಗಳ ಬಗ್ಗೆ ನೀವು ಓದಿರಬಹುದು. ಶುದ್ಧ ನೀರು ಗಾಳಿಯ ಸಮ್ಮುಖದಲ್ಲಿ ಸೀಸವನ್ನು ನಿಧಾನವಾಗಿ ಕರಗಿಸುತ್ತದೆ. ಎರಡು ಲೋಹಗಳ 10 ರೂಪಾಯಿ ನಾಣ್ಯವನ್ನೂ ನೀರಿನಲ್ಲಿ ಬಹಳ ಹೊತ್ತು ಬಿಡಬೇಡಿ. ನೀರಿನೊಳಗೆ ಅದೊಂದು ಪುಟ್ಟ ವಿದ್ಯುತ್ಕೋಶ.

ನಂತರ ಎರಡು ಸಣ್ಣ ಗಾಜಿನ ಬಟ್ಟಲುಗಳಲ್ಲಿ ತಲಾ 30 ಮಿಲಿಲೀಟರ್ ಅಸಿಟೋನ್ ತೆಗೆದುಕೊಳ್ಳಿ. ಗಾಜಿನ ಮುಚ್ಚಳ ಇರಲಿ. ಥರ್ಮೊಕೋಲ್ ಲೋಟ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳು ಬೇಡ. ಪಾಲಿಸ್ಟೈರೀನ್ ಅಸಿಟೋನಿನಲ್ಲಿ ಕರಗಿ ನಾಣ್ಯಕ್ಕೇ ಅಂಟಿಕೊಳ್ಳುತ್ತದೆ. ನಾಣ್ಯವನ್ನು ಮೊದಲ ಬಟ್ಟಲಿನಲ್ಲಿ ಹತ್ತು ಹದಿನೈದು ನಿಮಿಷ ಇಡಿ. ಜಿಗುಟು ಹಳೆಯದಾದರೆ ಕೆಲವು ಗಂಟೆ ಬಿಡಬಹುದು. ಮರದ ಹಲ್ಲುಕಡ್ಡಿಯಿಂದ ನಾಣ್ಯವನ್ನು ತಿರುಗಿಸಿ, ಉಜ್ಜಬೇಡಿ. ಬಳಿಕ ಎರಡನೆಯ ಬಟ್ಟಲಿಗೆ ವರ್ಗಾಯಿಸಿ.

ಎರಡನೆಯ ಬಟ್ಟಲು ಏಕೆ ಬೇಕು? ಮೊದಲ ಬಟ್ಟಲಿನಿಂದ ಹೊರತೆಗೆದ ನಾಣ್ಯದ ಮೇಲೆ ಸುಮಾರು 0.1 ಮಿಲಿಲೀಟರ್ ಕೊಳೆ ಬೆರೆತ ದ್ರಾವಣ ಅಂಟಿರುತ್ತದೆ ಎಂದು ಇಟ್ಟುಕೊಳ್ಳಿ. ಅದು ಹಾಗೆಯೇ ಆರಿದರೆ ಅಸಿಟೋನ್ ಹೋಗಿ ಕೊಳೆ ಮರಳಿ ನಾಣ್ಯದ ಮೇಲೆ ಉಂಗುರದಂತೆ ಕೂರುತ್ತದೆ. ಒಂದೇ ಬಟ್ಟಲಾದರೆ ಮೊದಲಿದ್ದ ಕೊಳೆಯ ಮುನ್ನೂರನೆಯ ಒಂದು ಪಾಲು ಉಳಿಯುತ್ತದೆ. ಎರಡನೆಯ ಬಟ್ಟಲಿನಲ್ಲಿ ಅದ್ದಿದರೆ ಮತ್ತೆ ಮುನ್ನೂರು ಪಟ್ಟು ಕಡಿಮೆ, ಒಟ್ಟು ತೊಂಬತ್ತು ಸಾವಿರದ ಒಂದು ಪಾಲು. ಅದೇ 60 ಮಿಲಿಲೀಟರನ್ನು ಒಂದೇ ಬಟ್ಟಲಿಗೆ ಸುರಿದಿದ್ದರೆ ಆರುನೂರರ ಒಂದು ಪಾಲು ಉಳಿಯುತ್ತಿತ್ತು. ಬಟ್ಟೆ ಜಾಲಿಸುವಾಗ ತಾಯಂದಿರು ಒಂದು ಬಕೆಟ್ ನೀರನ್ನು ಎರಡು ಸಲಕ್ಕೆ ಹಂಚಿಕೊಳ್ಳುವುದರ ಹಿಂದಿನ ಗಣಿತ ಇದೇ.

ಎಣ್ಣೆಯ ಅಡಿಯಲ್ಲಿ ಸಕ್ಕರೆ ಸಿಕ್ಕಿಕೊಂಡಿದ್ದರೆ ನೀರು, ಅಸಿಟೋನ್ ಸರದಿಯನ್ನು ಮತ್ತೊಮ್ಮೆ ಮಾಡಬೇಕಾಗಬಹುದು. ಕೊನೆಯ ಸ್ನಾನ ಮಾತ್ರ ಯಾವಾಗಲೂ ಹೊಸ ಅಸಿಟೋನಿನದ್ದೇ ಆಗಿರಲಿ. ಸಂದುಗಳಲ್ಲಿ ಉಳಿದ ನೀರನ್ನೂ ಅದು ಹೊರಗೆ ಸೆಳೆಯುತ್ತದೆ.

ಬಳಸಿದ ಅಸಿಟೋನನ್ನು ಚರಂಡಿಗೆ ಸುರಿಯಬೇಡಿ. ಬಿಗಿ ಮುಚ್ಚಳದ ಗಾಜಿನ ಶೀಷೆಯಲ್ಲಿ ಹೆಸರು ಬರೆದು ಇಡಿ. ಮುಂದಿನ ಸಲ ಅದು ಮೊದಲ ಬಟ್ಟಲಿಗೆ ಆದೀತು. ಪೂರ್ತಿ ಕೊಳೆಯಾದ ಮೇಲೆ ಕಾಲೇಜು ಪ್ರಯೋಗಾಲಯದ ತ್ಯಾಜ್ಯ ದ್ರಾವಕದೊಡನೆ ಸೇರಿಸಲು ಕೊಡಿ.

ಮಳೆಗಾಲದ ತೊಡಕು

ಅಸಿಟೋನಿನಿಂದ ಹೊರತೆಗೆದ ನಾಣ್ಯದ ಮೇಲೆ ಮಳೆಗಾಲದಲ್ಲಿ ಮಂಜಿನಂಥ ತೇವ ಮೂಡುವುದನ್ನು ನೀವು ಗಮನಿಸಬಹುದು. ಒಂದು ಗ್ರಾಂ ಅಸಿಟೋನ್ ಆವಿಯಾಗಲು ಸುಮಾರು 530 ಜೂಲ್ ಗುಪ್ತೋಷ್ಣ ಬೇಕು. ನಾಣ್ಯಕ್ಕೆ ಅಂಟಿದ 0.08 ಗ್ರಾಂ ಆರಲು 42 ಜೂಲ್ ಆಯಿತು. ಬೆಳ್ಳಿ ರೂಪಾಯಿಯ ಉಷ್ಣ ಧಾರಕತೆ ಡಿಗ್ರಿಗೆ ಸುಮಾರು 2.8 ಜೂಲ್. ಎಲ್ಲ ಶಾಖವೂ ನಾಣ್ಯದಿಂದಲೇ ಬಂದರೆ ಅದು 15 ಡಿಗ್ರಿ ತಣ್ಣಗಾಗಬೇಕು. ಗಾಳಿಯಿಂದಲೂ ಶಾಖ ಬರುವುದರಿಂದ ವಾಸ್ತವದಲ್ಲಿ ಇಳಿಕೆ ಕಡಿಮೆ. ಆದರೂ ಮಲೆನಾಡಿನ, ಕರಾವಳಿಯ ತೇವದ ಗಾಳಿಯಲ್ಲಿ ಎರಡು ಮೂರು ಡಿಗ್ರಿ ಇಳಿದರೂ ಇಬ್ಬನಿ ಬಿಂದು ತಲುಪಬಹುದು. ಆಗ ನೀರು ನಾಣ್ಯದ ಮೇಲೆ ಸಾಂದ್ರೀಕರಿಸಿ ತಾಮ್ರದ ಮೇಲೆ ಕಲೆ ಉಳಿಸುತ್ತದೆ. ಒಣಹವೆಯ ದಿನವನ್ನು ಆರಿಸಿಕೊಳ್ಳಿ. ತೆಗೆದ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ, ದ್ರವ ಬುಡಕ್ಕೆ ಇಳಿದ ಮೇಲೆ ಸೋಸುಕಾಗದದ ತುದಿಯಿಂದ ಹೀರಿಸಿ. ಆವಿಯಾಗಬೇಕಾದ ದ್ರವವೇ ಕಡಿಮೆಯಾದರೆ ತಂಪೂ ಕಡಿಮೆ.

ದ್ರಾವಕ ಕೈಲಾಗದ ಕಡೆ

ಟಿಪ್ಪುವಿನ ಆನೆ ಮುದ್ರೆಯ ತಾಮ್ರದ ಕಾಸುಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳು ನಮ್ಮ ಊರುಗಳಲ್ಲಿ ಇಂದಿಗೂ ಹಳೆಯ ಮನೆಗಳಲ್ಲಿ ಸಿಗುತ್ತವೆ. ಅವುಗಳ ಮೇಲೆ ಗಟ್ಟಿಯಾದ, ನಯವಾದ ಕಂದು ಅಥವಾ ಕಡುಹಸಿರು ಪೊರೆ ಇದ್ದರೆ ಅದು ನಾಣ್ಯದ ಕವಚ. ಅದನ್ನು ಮುಟ್ಟಬೇಡಿ. ತಿಳಿಹಸಿರು ಪುಡಿ ಚುಕ್ಕಿ ಚುಕ್ಕಿಯಾಗಿ ಎದ್ದು, ಒರೆಸಿದರೂ ಮತ್ತೆ ಹುಟ್ಟುತ್ತಿದ್ದರೆ ಅದು 'ಕಂಚಿನ ರೋಗ'. ಮಣ್ಣಿನ ಉಪ್ಪಿನಿಂದ ಲೋಹದೊಳಗೆ ಸೇರಿದ ಕ್ಯುಪ್ರಸ್ ಕ್ಲೋರೈಡ್ ತೇವ ಮತ್ತು ಆಕ್ಸಿಜನ್‌ಗಳೊಡನೆ ವರ್ತಿಸಿ ಹಸಿರು ಕ್ಷಾರೀಯ ಕ್ಲೋರೈಡ್ ಆಗುತ್ತದೆ, ಜೊತೆಗೆ ಹೈಡ್ರೊಕ್ಲೋರಿಕ್ ಆಮ್ಲ ಹೊರಬರುತ್ತದೆ. ಆ ಆಮ್ಲ ಮತ್ತಷ್ಟು ತಾಮ್ರವನ್ನು ತಿನ್ನುತ್ತದೆ. ಅಸಿಟೋನ್ ಇಲ್ಲಿ ನಿರುಪಯೋಗಿ. ಅಂಥ ನಾಣ್ಯವನ್ನು ಉಳಿದವುಗಳಿಂದ ಬೇರ್ಪಡಿಸಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಒಣಗಿಸಿಟ್ಟು ವಸ್ತುಸಂಗ್ರಹಾಲಯದ ಸಂರಕ್ಷಕರಿಗೆ ತೋರಿಸಿ. ಅವರು ಬಳಸುವ ಬೆಂಜೊಟ್ರಯಜೋಲ್‌ನಂಥ ರಾಸಾಯನಿಕಗಳು ಮನೆಗಲ್ಲ.

ಹೊಲದಲ್ಲೋ ಪಾಯದಲ್ಲೋ ನಾಣ್ಯಗಳು ಸಿಕ್ಕಿದರೆ ತೊಳೆಯುವ ಮಾತೇ ಬೇಡ. ನಿಧಿಗೆ ಸಂಬಂಧಿಸಿದ ಕಾನೂನಿನ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಅಂಟಿದ ಮಣ್ಣೂ ಇತಿಹಾಸಕಾರರಿಗೆ ಸಾಕ್ಷ್ಯವೇ.

ತೊಳೆದ ಮೇಲೆ

ಸ್ವಚ್ಛ ನಾಣ್ಯವನ್ನು ಮತ್ತೆ ಮೆದು ಪಿವಿಸಿ ಚೀಲದಲ್ಲಿಟ್ಟರೆ ಶ್ರಮ ವ್ಯರ್ಥ. ಪಿವಿಸಿಯನ್ನು ಮೆದುವಾಗಿಸಲು ಸೇರಿಸಿದ ಎಣ್ಣೆಯಂಥ ವಸ್ತು ಕಾಲಕ್ರಮದಲ್ಲಿ ಒಸರುತ್ತದೆ. ಪ್ಲಾಸ್ಟಿಕ್ ಕೊಳೆತಂತೆ ಹೈಡ್ರೊಜನ್ ಕ್ಲೋರೈಡ್ ಬಿಡುಗಡೆಯಾಗಿ ತಾಮ್ರವನ್ನು ಹಸಿರಾಗಿಸುತ್ತದೆ. ಪಾಲಿಎಸ್ಟರ್, ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಹಾಳೆಗಳು ಒಳ್ಳೆಯವು. ರಬ್ಬರ್ ಬ್ಯಾಂಡ್ ಹಾಕಬೇಡಿ. ಅದರ ಗಂಧಕ ಬೆಳ್ಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ.

ನಿಮ್ಮ ಚೀಲ ಪಿವಿಸಿಯೇ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಬೈಲ್‌ಸ್ಟೈನ್ ಪರೀಕ್ಷೆ ಮಾಡಬಹುದು. ತಾಮ್ರದ ತಂತಿಯನ್ನು ಬರ್ನರ್ ಜ್ವಾಲೆಯಲ್ಲಿ ಬಣ್ಣ ಬರದಾಗುವವರೆಗೆ ಕಾಯಿಸಿ. ಬಿಸಿ ತಂತಿಯಿಂದ ಚೀಲದ ಅಂಚನ್ನು ಮುಟ್ಟಿ, ಚೂರು ಪ್ಲಾಸ್ಟಿಕ್ ಅಂಟಿದ ತಂತಿಯನ್ನು ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಜ್ವಾಲೆ ಕಂಡರೆ ಕ್ಲೋರೀನ್ ಇದೆ. ಹೊಗೆ ವಿಷಕಾರಿಯಾದ್ದರಿಂದ ಶಿಕ್ಷಕರೇ ಆವಿಗೂಡಿನಲ್ಲಿ, ಚಿಟಿಕೆಯಷ್ಟು ಮಾದರಿಯಿಂದ ಮಾಡಿ ತೋರಿಸಲಿ. ಅಸಿಟೋನ್ ಅದೇ ಕೋಣೆಯಲ್ಲಿ ಇರಕೂಡದು.

ಮತ್ತೊಂದು ಪ್ರಯೋಗ ತರಗತಿಗೆ ಸೊಗಸಾಗಿ ಹೊಂದುತ್ತದೆ. ಹಳೆಯ 25 ಪೈಸೆಗೆ ತುಪ್ಪ ಬೆರೆಸಿದ ಅರಿಶಿನ ಹಚ್ಚಿ, ಶಿಕ್ಷಕರು ಅದನ್ನು ಮೂರು ಬಟ್ಟಲುಗಳಲ್ಲಿ ಸರದಿಯಂತೆ ಅದ್ದಲಿ. ಮೂರೂ ದ್ರಾವಣಗಳನ್ನು ಬಿಗಿ ಮುಚ್ಚಳದ ಗಾಜಿನ ಶೀಷೆಗಳಿಗೆ ತುಂಬಿ ಕತ್ತಲ ಕೋಣೆಗೆ ಒಯ್ಯಿರಿ. ನೋಟು ಪರೀಕ್ಷಿಸುವ ನೇರಳೆ ಟಾರ್ಚಿನ ಬೆಳಕು ಬಿಡಿ. ಕರ್ಕ್ಯುಮಿನ್ ಹಸಿರು ಮಿಶ್ರಿತ ಹಳದಿಯಾಗಿ ಪ್ರತಿದೀಪಿಸುತ್ತದೆ. ಮೊದಲ ಶೀಷೆ ಪ್ರಜ್ವಲಿಸುತ್ತದೆ, ಎರಡನೆಯದು ಮಂಕು, ಮೂರನೆಯದರಲ್ಲಿ ಬೆಳಕು ಕಂಡರೂ ಕಾಣದಂತಿರುತ್ತದೆ. ಮುನ್ನೂರರ ಲೆಕ್ಕ ಕಣ್ಣೆದುರಿಗೇ ನಿಲ್ಲುತ್ತದೆ.

ಅಜ್ಜಿಯ ಏಳು ರೂಪಾಯಿಗಳು ಈಗ ನನ್ನ ಬಳಿ ಇವೆ. ಐದು ದಶಕಗಳ ಹಿಂದೆ ಕಳೆದ ಬೂದುಬಣ್ಣ ನಿಧಾನವಾಗಿ ಮರಳುತ್ತಿದೆ, ಗೀರುಗಳು ಮಾತ್ರ ಹಾಗೆಯೇ ಇವೆ. ಸಲ್ಫೈಡ್ ಪೊರೆ ಮತ್ತೆ ಬೆಳೆಯುತ್ತದೆ, ಟಂಕಸಾಲೆ ಒತ್ತಿದ ಗೆರೆ ಮತ್ತೆ ಬೆಳೆಯುವುದಿಲ್ಲ. ಈ ವರ್ಷದ ಹಬ್ಬಕ್ಕೆ ಅವುಗಳನ್ನು ಹಾಗೆಯೇ ತಟ್ಟೆಯಲ್ಲಿಟ್ಟೆವು. ಹುಣಸೆಹಣ್ಣು ಸಾರಿಗೆ ಹೋಯಿತು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಅಂಥ ನಾಣ್ಯಗಳಿದ್ದರೆ ಮೊದಲು ಮಸೂರ ಹಿಡಿದು ನೋಡಿ. ಇಸವಿಯ ಸುತ್ತಲಿನ ಚುಕ್ಕಿಗಳನ್ನು ಎಣಿಸಿ, ಬರೆದಿಡಿ. ತೊಳೆಯುವ ಯೋಚನೆ ಆಮೇಲಿನದು.